ಮುಚ್ಚಳ ತೆರೆದಿಟ್ಟವರು

ಮಾರ್ಚ್ 4, ಮಂಗಳವಾರ

ಅಂಗಡಿಯ ಫ್ರೀಜರ್ ಡಿಫ್ರಾಸ್ಟ್ — ಕಟ್ಟಿದ ಹಿಮ ಕರಗಿಸುವ ಕೆಲಸ. ಬೆಳಿಗ್ಗೆಯೇ ಪ್ಲಗ್ ತೆಗೆದೆ. ಮೀನು, ಕೋಳಿ, ಬಟಾಣಿ ಎಲ್ಲ ಥರ್ಮಕೋಲ್ ಪೆಟ್ಟಿಗೆಗೆ. ಐಸ್‌ಕ್ರೀಮ್ ಮಾತ್ರ ಬೀದಿಯ ಕೊನೆಯಲ್ಲಿರುವ ಓರಗಿತ್ತಿಯ ಬೇಕರಿಗೆ — ಅವಳ ಫ್ರೀಜರಿನಲ್ಲಿ ಜಾಗವಿತ್ತು. ಒಳಗೆ ಬಿಸಿನೀರಿನ ಬೋಗುಣಿ ಇಟ್ಟು, ಟೇಬಲ್ ಫ್ಯಾನ್ ತಿರುಗಿಸಿ, ಅಡಿಯ ಬಿರಡೆ ಬಿಚ್ಚಿದೆ. ನೀರು ಬಕೆಟ್ಟಿಗೆ ಇಳಿಯತೊಡಗಿತು.

ಇವರು ಚಾಕು ಹಿಡಿದು ಬಂದರು. "ಎರಡು ಏಟು ಹಾಕಿದ್ರೆ ಉದುರಿಹೋಗುತ್ತೆ."

"ಪೈಪಿಗೆ ತೂತು ಬಿದ್ರೆ ಗ್ಯಾಸ್ ಹೋಗುತ್ತೆ, ಹಿಂದೇನೇ ಫ್ರೀಜರೂ ಹೋಗುತ್ತೆ. ಒಳಗಿಡಿ ಅದನ್ನ."

ಸಡಿಲಾದದ್ದನ್ನಷ್ಟೇ ಮರದ ಸೌಟಿನಿಂದ ತೆಗೆದೆ. ಅತ್ತೆ ಸ್ಟೂಲಿನ ಮೇಲೆ ಕೂತು ಮೇಲ್ವಿಚಾರಣೆ. "ಆ ಮೂಲೆ ಹಾಗೇ ಬಿಟ್ಯಲ್ಲ. ಕಣ್ಣು ಮನೇಲಿಟ್ಟು ಬಂದಿದೀಯಾ?"

ನಾನೂ ನಕ್ಕೆ, ಅವರೂ ನಕ್ಕರು. ಒರೆಸಿ, ಒಣಗಿಸಿ, ಮತ್ತೆ ಚಾಲೂ. ಮೈನಸ್ ಹದಿನೆಂಟು ಡಿಗ್ರಿಗೆ ಇಳಿಯುವ ತನಕ ಸಾಮಾನು ತುಂಬಲಿಲ್ಲ. ಇನ್ನು ಕೆಲವು ತಿಂಗಳು ಇದರ ಚಿಂತೆಯಿಲ್ಲ.

ಮಾರ್ಚ್ 15, ಶನಿವಾರ

ಚಿಂತೆ ಆಗಲೇ ಬಂತು. ಒಳಗೋಡೆಗೆಲ್ಲ ಬೆರಳು ದಪ್ಪ ಹಿಮ. ಬಟಾಣಿ ಪ್ಯಾಕೆಟ್ಟುಗಳು ಒಂದಕ್ಕೊಂದು ಅಂಟಿ ಕಲ್ಲಾಗಿವೆ. ಐಸ್‌ಕ್ರೀಮಿನ ಮೇಲೆ ಹರಳು — ಗಿರಾಕಿಯೊಬ್ಬಳು ಕಪ್ಪನ್ನು ವಾಪಸ್ ಕೊಟ್ಟು ಹೋದಳು.

ರಿಪೇರಿಯವನನ್ನು ಕರೆಸಿದೆ. ಮುಚ್ಚಳದ ರಬ್ಬರಿನಲ್ಲಿ ಕಾಗದ ಸಿಕ್ಕಿಸಿ ಎಳೆದು ನೋಡಿದ. "ರಬ್ಬರ್ ಬಿಗಿಯಾಗಿದೆ ಅಕ್ಕಾ. ಮಷೀನು ಗಟ್ಟಿಮುಟ್ಟಾಗಿದೆ. ಯಾರೋ ಮುಚ್ಚಳ ತೆಗೆದು ಹಾಗೇ ಬಿಡ್ತಿದಾರೆ. ಹೊರಗಿನ ಗಾಳಿ ಹೋದಷ್ಟೂ ಹಿಮ ಕಟ್ಟುತ್ತೆ."

"ಯಾರಪ್ಪಾ ಬಿಡ್ತಾರೆ ಇಲ್ಲಿ?"

"ನಾನು ರಿಪೇರಿಯವನು ಅಕ್ಕಾ, ಪೊಲೀಸಲ್ಲ."

ಅತ್ತೆಯ ಮೇಲೆ ಅನುಮಾನ. ಸಕ್ಕರೆ ಕಾಯಿಲೆ ಬೇರೆ, ಐಸ್‌ಕ್ರೀಮ್ ಎಂದರೆ ಪ್ರಾಣ. ಮಧ್ಯಾಹ್ನ ನಾನು ಮೇಲೆ ಮನೆಗೆ ಊಟಕ್ಕೆ ಹೋದಾಗ ಅಂಗಡಿ ಅವರ ಕೈಯಲ್ಲಿ.

ಮಾರ್ಚ್ 17, ಸೋಮವಾರ

ಊಟಕ್ಕೆ ಹೋದಂತೆ ಮಾಡಿ ಮೆಟ್ಟಿಲ ಮೇಲೆ ನಿಂತೆ. ಕದಿಯುವಾಗಲೇ ಹಿಡಿಯಬೇಕೆಂಬ ಹುಮ್ಮಸ್ಸು.

ಅತ್ತೆ ಎದ್ದರು. ಮುಚ್ಚಳ ತೆಗೆದರು. ಏನನ್ನೂ ಮುಟ್ಟಲಿಲ್ಲ. ಅಂಚು ಹಿಡಿದು ಒಳಗೆ ನೋಡುತ್ತ ನಿಂತರು, ಬೆರಳ ತುದಿ ಕೆಂಪಾಗುವಷ್ಟು ಹೊತ್ತು. ತಣ್ಣನೆಯ ಹೊಗೆ ಮುಖವನ್ನೆಲ್ಲ ಮುಚ್ಚಿತ್ತು.

ಇಳಿದು ಬಂದು ಕೇಳಿದೆ. "ಏನು ಬೇಕಿತ್ತು ಅತ್ತೆ?"

"ಏನೋ ತೊಗೊಳ್ಳೋಕೆ ಬಂದೆ ಕಣೆ. ತಡಿ, ನಾಲಿಗೆ ತುದೀಲೇ ಇದೆ."

ಕಾದೆ. ಬರಲಿಲ್ಲ.

"ಬಟಾಣಿನಾ?"

"ಹೂಂ, ಬಟಾಣಿನೇ ಇರ್ಬೇಕು" — ನನ್ನನ್ನು ಸಮಾಧಾನ ಮಾಡುವವರ ಹಾಗೆ.

ಐಸ್‌ಕ್ರೀಮ್ ಕದ್ದು ತಿಂದಿದ್ದರೆ ಎಷ್ಟು ಚೆನ್ನಾಗಿತ್ತು...

ಮಾರ್ಚ್ 18, ಮಂಗಳವಾರ

ಇವರಿಗೆ ಹೇಳಿದೆ. "ನೀನು ಮೊನ್ನೆ ಕನ್ನಡಕ ತಲೆ ಮೇಲಿಟ್ಕೊಂಡು ಮನೆಯೆಲ್ಲಾ ಹುಡುಕಲಿಲ್ವಾ?" ಎಂದರು.

"ಡಾಕ್ಟರಿಗೊಮ್ಮೆ ತೋರಿಸೋಣ ಅಂದೆ ಅಷ್ಟೇ."

"ಅಮ್ಮನಿಗೆ ತಲೆ ಕೆಟ್ಟಿದೆ ಅಂತ ಬೀದಿಗೆಲ್ಲಾ ಸಾರಿಕೊಂಡು ಬಾ, ಹೋಗು."

ಊಟ ಅರ್ಧಕ್ಕೇ ಬಿಟ್ಟೆದ್ದರು. ಸಂಜೆ ಒಂದು ಬೀಗ ತಂದು ಫ್ರೀಜರಿಗೆ ಜಡಿದರು. ಕೀಲಿಕೈ ನನ್ನ ಮುಂದೆ ಇಟ್ಟು, "ಮುಗೀತಲ್ಲ?"

ಮಾರ್ಚ್ 29, ಶನಿವಾರ

ಇಷ್ಟು ದಿನ ಬರೆಯುವ ಮನಸ್ಸಾಗಲಿಲ್ಲ. ಹಿಮ ಕಟ್ಟುವುದು ಕಡಿಮೆಯಾಗಿದೆ. ಅದೊಂದು ಲಾಭ.

ಅತ್ತೆ ಬೀಗ ಎಳೆಯುತ್ತಾರೆ. "ಇದನ್ನ ಯಾರು ಹಾಕಿದ್ದು?" "ನಿಮ್ಮ ಮಗ." ಹೋಗಿ ಸ್ಟೂಲಿನ ಮೇಲೆ ಕೂರುತ್ತಾರೆ. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಬಂದು ಅದೇ ಪ್ರಶ್ನೆ. ನನ್ನ ಕೆಲಸದಲ್ಲಿ ತಪ್ಪು ಹುಡುಕುವುದನ್ನೂ ಬಿಟ್ಟಿದ್ದಾರೆ. ಇವತ್ತು ಬೇಕೆಂದೇ ಕೌಂಟರಿನ ಗಾಜು ಅರ್ಧ ಒರೆಸಿ ಬಿಟ್ಟೆ. ನೋಡಿದರು. ಮತ್ತೆ ಬೀಗದ ಕಡೆ ತಿರುಗಿದರು.

ಏಪ್ರಿಲ್ 2, ಬುಧವಾರ



ಮೀನಿನ ಸ್ಟಾಕ್ ಬಂದಿತ್ತು. ನಾನು ಹೊರಗೆ ಗಾಡಿಯ ಹತ್ತಿರ ಪೆಟ್ಟಿಗೆ ಇಳಿಸಿಕೊಳ್ಳುತ್ತಿದ್ದೆ. ಒಳಗೆ ಇವರು. ಅತ್ತೆ ಬೀಗ ಎಳೆದು ನೋಡಿ, ಇವರ ಕಡೆ ತಿರುಗಿ, "ಅಂಗಡಿ ಮುಚ್ಚಿದೀರಾ? ಸರಿ, ನಾಳೆ ಬರ್ತೀನಿ" ಎಂದರಂತೆ. ಅಮ್ಮ ತಮಾಷೆ ಮಾಡುತ್ತಿದ್ದಾಳೆ, ಬೀಗಕ್ಕೆ ಕೊಂಕು ಅಂದುಕೊಂಡು ಇವರೂ ಕೈ ಮುಗಿದು, "ಆಗ್ಲಿ, ನಾಳೆ ಬನ್ನಿ" ಎಂದಿದ್ದಾರೆ. ಅತ್ತೆ ಹಿಂದಿನ ಬಾಗಿಲಿಂದ ಹೊರಟುಹೋದರು.

ಗೊತ್ತಾಗಿದ್ದು ಕಾಫಿಗೆ ಕರೆದಾಗ. ಮನೆಯಲ್ಲಿಲ್ಲ. ಬೇಕರಿಯಲ್ಲೂ ಇಲ್ಲ. ಓರಗಿತ್ತಿ ಅಂಗಡಿ ಹಾಗೇ ಬಿಟ್ಟು, ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಓಡಿಬಂದಳು. ಅವಳು ಮೇಲಿನ ರಸ್ತೆಗೆ, ನಾನು ಮಾರ್ಕೆಟ್ಟಿಗೆ, ಇವರು ಬಸ್ ಸ್ಟ್ಯಾಂಡಿಗೆ.

ಇವರಿಗೇ ಸಿಕ್ಕರು. ಬೆಂಚಿನ ಮೇಲೆ ಚಪ್ಪಲಿಯಿಲ್ಲದೆ ಕೂತಿದ್ದರಂತೆ. "ಎಲ್ಲಿಗಮ್ಮಾ ಹೊರಟೆ?" ಎಂದರೆ, "ಎಲ್ಲಿಗೂ ಇಲ್ಲಪ್ಪಾ. ನನ್ನ ಮಗ ಕರ್ಕೊಂಡು ಹೋಗೋಕೆ ಬರ್ತಾನೆ."

ಇವರು ಪಕ್ಕದಲ್ಲಿ ಕೂತರಂತೆ. ಬಸ್ಸುಗಳು ಬಂದವು, ಹೋದವು. ಕೊನೆಗೆ ಅತ್ತೆಯೇ ಇವರ ಮುಖ ನೋಡಿ, "ಬಂದ್ಯಾ? ಎಷ್ಟು ಹೊತ್ತೋ ನಿನ್ನದು!"

ಮನೆಗೆ ಬಂದವರೇ ಬೀಗ ಬಿಚ್ಚಿ ಎಸೆದರು. ಬಾಗಿಲಲ್ಲೇ ಉಳಿದ ಮೀನು ಪೂರ್ತಿ ಕರಗಿತ್ತು. ಕರಗಿದ್ದನ್ನು ಮತ್ತೆ ಫ್ರೀಜ್ ಮಾಡುವಂತಿಲ್ಲ. ಎಲ್ಲ ಸುರಿದೆ.

ಏಪ್ರಿಲ್ 8, ಮಂಗಳವಾರ

ಡಾಕ್ಟರ್. ಅಪಾಯಿಂಟ್‌ಮೆಂಟ್ ಇವರೇ ಮಾಡಿದ್ದು. ಮರೆವಿನ ಕಾಯಿಲೆಯೇ. ಗುಳಿಗೆಯಿಂದ ಒಂದಿಷ್ಟು ತಡೆಯಬಹುದು, ನಿಲ್ಲಿಸಲಾಗದು ಎಂದರು. ವಾಪಸ್ ಬರುವಾಗ ಇವರು ದಾರಿಯುದ್ದಕ್ಕೂ ಅತ್ತೆಯ ಕೈ ಬಿಡಲಿಲ್ಲ.

ಅತ್ತೆಗೆ ಡಾಕ್ಟರ್ ಹಿಡಿಸಿದ್ದಾನೆ. "ಒಳ್ಳೇ ಹುಡುಗ. ಇವತ್ತು ಯಾವ ವಾರ, ಇದು ಯಾವ ತಿಂಗಳು ಅಂತೆಲ್ಲ ನನ್ನನ್ನೇ ಕೇಳ್ತಾನೆ. ಏನೂ ಗೊತ್ತಿಲ್ಲ, ಪಾಪ."

ಇವರು ನಗಲು ಹೋದರು, ಆಗಲಿಲ್ಲ.

ಏಪ್ರಿಲ್ 20, ಭಾನುವಾರ, ಮಧ್ಯಾಹ್ನ

ಮತ್ತೆ ಡಿಫ್ರಾಸ್ಟ್. ಇನ್ನು ಮೇಲೆ ಆಗಾಗ ಮಾಡೋಣ ಎಂದು ಇವರೇ ಅಂದರು. "ಅಮ್ಮ ಮುಚ್ಚಳ ತೆಗೀಲಿ ಬಿಡು. ನಾವು ಹಿಂದೇ ಹೋಗಿ ಮುಚ್ಚಿದರಾಯ್ತು." ಕೆಲಸವನ್ನೂ ಅವರೇ ಮಾಡಿದರು — ನೆಲವೆಲ್ಲ ಕೆರೆ. ಒರೆಸಿದ್ದು ನಾನು.

ಫ್ರೀಜರ್ ಚಾಲೂ ಆಗಿದೆ. ಮೈನಸ್ ಹನ್ನೊಂದು. ಇನ್ನೂ ಇಳಿಯಬೇಕು. ಐಸ್‌ಕ್ರೀಮ್ ವಾಪಸ್ ತರಲು ಇವರು ಬೇಕರಿಗೆ ಹೋಗಿದ್ದಾರೆ. ಅತ್ತೆ ಮೇಲೆ ಮಲಗಿದ್ದಾರೆ. ಕೌಂಟರಿನಲ್ಲಿ ಕೂತು ಬರೆಯುತ್ತಿದ್ದೇನೆ.

ಈಗ ಮೇಲಿಂದ "ಅಮ್ಮಾ" ಅಂತ ಕೂಗು. ಪಕ್ಕದ ಮನೆಯ ಮಗು ಅಂದುಕೊಂಡೆ. ಮತ್ತೆ ಕೇಳಿಸಿತು. ಅತ್ತೆಯ ದನಿ. ಮೆಟ್ಟಿಲ ಕಡೆಯಿಂದ. ಕರೆಯುತ್ತಿರುವುದು ನನ್ನನ್ನೇ.

"ಬಂದೆ" ಎಂದು ಕೂಗಿದೆ. ನಾನು ಸೊಸೆ ಅಂತ ತಿದ್ದಲಿಲ್ಲ. ಮತ್ತೆ ಕರೆದರು. ಮೊದಲು ಹೋಗಿ ನೋಡುತ್ತೇನೆ, ಮಿಕ್ಕಿದ್ದು ಆಮೇಲೆ.