ಇನ್ಸುಲಿನ್ನಿಗೆ ಎಳ್ಳಿನ ಪಾಠ

ಸ್ವೀಡನ್, ಜನವರಿ 29

ಇಂಗಳೇಶ್ವರದ ಕಸ್ತೂರೆವ್ವ ದೊಡ್ಡವ್ವನಿಗೆ ರಾಜಶ್ರೀಯ ಶರಣು.

ಸಕ್ಕರೆ ಮುಟ್ಟಬೇಡ ಎಂದು ನಿನ್ನನ್ನು ಬೈಯುತ್ತಿದ್ದ ನನಗೆ ಇಲ್ಲಿ ಸಿಕ್ಕಿರುವ ಕೆಲಸವೇನು ಗೊತ್ತೇ? ಇನ್ಸುಲಿನ್ನಿಗೆ ಸಕ್ಕರೆ ಅಂಟಿಸುವುದು! ಸಕ್ಕರೆಯ ಸರಪಳಿ ಹೊದ್ದ ಔಷಧ ಮೈಯಲ್ಲಿ ಬೇಗ ಕರಗುವುದಿಲ್ಲ. ದಿನಕ್ಕೆರಡು ಸೂಜಿಯ ಬದಲು ವಾರಕ್ಕೊಂದು ಸಾಕಾಗಬಹುದು.

ನಮ್ಮ ಪ್ರೊಫೆಸರು ಎರಡು ವರ್ಷದಿಂದ ಸಕ್ಕರೆಯನ್ನೆಲ್ಲ ಒಟ್ಟಿಗೇ ಸುರಿದು ಔಷಧವನ್ನು ಗಂಟುಗಂಟು ಮಾಡುತ್ತಿದ್ದರು. ಸಂಕ್ರಮಣಕ್ಕೆ ಎಳ್ಳಿಗೆ ಸಕ್ಕರೆ ಪಾಕ ಹೊದಿಸಿ ಕುಸುರೆಳ್ಳು ಮಾಡುವಾಗ ನೀನು ನನ್ನ ಕೈಗೆ ಹೊಡೆದು, "ಪಾಕ ಒಮ್ಮೆಲೆ ಸುರೀಬ್ಯಾಡ. ಒಂದ ಹನಿ ಬಿಡು, ಆರಗೊಡು, ಆಮ್ಯಾಲ ಮತ್ತೊಂದು. ಅಂದ್ರ ಎಳ್ಳಿಗೆ ಮುಳ್ಳು ಏಳತಾವು" ಅನ್ನುತ್ತಿದ್ದೆಯಲ್ಲ, ಇನ್ಸುಲಿನ್ನಿಗೂ ಹಾಗೆಯೇ ಮಾಡಿದೆ. ಒಂದೂ ಗಂಟಿಲ್ಲ.

ಪ್ರೊಫೆಸರು ಕುಣಿದಾಡಿ ಪೇಟೆಂಟ್ ಅರ್ಜಿ ಬರೆದರು. ಕಲಿಸಿದವರು ನಮ್ಮ ದೊಡ್ಡವ್ವ, ಅವರ ಹೆಸರನ್ನೂ ಸೇರಿಸಿ ಎಂದೆ. ಯಾವ ವಿಶ್ವವಿದ್ಯಾಲಯದವರು ಎಂದು ಕೇಳಿದರು. ಅಡುಗೆಮನೆಯವರು ಎಂದೆ. ನಕ್ಕು ಮುಂದಿನ ಸಾಲು ಬರೆದರು.

ನೆಗಡಿಯೊಂದು ಬಿಟ್ಟರೆ ನಾನು ಆರಾಮ. ಈ ಔಷಧ ಅಂಗಡಿಗೆ ಬರಲು ಹತ್ತು ವರ್ಷವಾದರೂ ಬೇಕು. ಅಲ್ಲಿಯವರೆಗೆ ಸೂಜಿ ತಪ್ಪಿಸಬೇಡ, ಪಾಕದ ಹದ ನೋಡುವ ನೆಪದಲ್ಲಿ ಬಾಯಿಗೂ ಹಾಕಿಕೊಳ್ಳಬೇಡ.

ಕಾರ್ಡು ತುಂಬಿತು. ಸಂಕ್ರಮಣಕ್ಕೆ ನೀನು ಕಳಿಸಿದ ಡಬ್ಬಿ ಪ್ರೊಫೆಸರ ಮೇಜಿನ ಮೇಲೆಯೇ ಇದೆ. "ಇದನ್ನು ಹಿಂದೆ ಯಾರೂ ಮಾಡಿಲ್ಲ" ಎಂಬ ಅರ್ಜಿಯ ಸಾಲಿನ ಕೆಳಗೆ ಅವರು ಸಹಿ ಹಾಕುವಾಗ ಬಾಯಲ್ಲಿದ್ದದ್ದು ನಿನ್ನ ಕುಸುರೆಳ್ಳು.

ರಾಜಶ್ರೀ