ಸೋದರತ್ತೆಯ ಬಿಳಿ ಕೋಟು

ಹರಿಹರ,
೨೦ ನವೆಂಬರ್ ೧೯೬೬

ಪ್ರೀತಿಯ ಕಸ್ತೂರಿಗೆ,

ನಿನ್ನ ಅತ್ತಿಗೆ ಮರುಳಸಿದ್ದಮ್ಮ ಮಾಡುವ ಆಶೀರ್ವಾದ. ಆಶೀರ್ವಾದ ಅಂದಳು ನೋಡು ಎಂದು ಅಲ್ಲಿ ಕೂತು ನಗಬೇಡ. ನಾನು ನಿನಗಿಂತ ಆರೇ ತಿಂಗಳು ದೊಡ್ಡವಳು, ಒಪ್ಪಿದೆ. ಆದರೆ ನಿಮ್ಮಣ್ಣನನ್ನು ಕಟ್ಟಿಕೊಂಡ ಕಷ್ಟಕ್ಕೆ ನನಗೆ ಅಷ್ಟಾದರೂ ಅಧಿಕಾರ ಬೇಡವೇ?

ಇಲ್ಲಿ ಎಲ್ಲರೂ ಆರೋಗ್ಯ. ನಿನ್ನ ಕಾಗದ ದಸರಾಕ್ಕೆ ಮೊದಲೇ ಕೈ ಸೇರಿತ್ತು. ಉತ್ತರ ಇಷ್ಟು ತಡವಾದದ್ದಕ್ಕೆ ಮಗುವಿನ ನೆಪ ಹೇಳಬಹುದು, ದೀಪಾವಳಿಯ ಕೆಲಸದ ನೆಪ ಹೇಳಬಹುದು. ನಿಜ ಏನೆಂದರೆ ನೀನು ಕೇಳಿದ ಪ್ರಶ್ನೆಗೆ ಹೆದರಿ ಪೆನ್ನು ಹಿಡಿಯಲಿಲ್ಲ. "ಇಲ್ಲಿ ಆಸ್ಪತ್ರೆಯವರು ಇನ್ನೂ ಮೂರು ವರ್ಷಕ್ಕೆ ಸಹಿ ಹಾಕು ಅನ್ನುತ್ತಿದ್ದಾರೆ. ಇರಲೋ, ಹರಿಹರಕ್ಕೆ ಬಂದುಬಿಡಲೋ? ನೀನು ಹೇಳಿದಂತೆ ಮಾಡುತ್ತೇನೆ" ಎಂದು ಒಂದು ಸಾಲು ಬರೆದು ಭಾರವನ್ನೆಲ್ಲ ನನ್ನ ತಲೆಗೆ ಹೊರಿಸಿದೆ. ಅಪ್ಪನನ್ನು ಬಿಟ್ಟು, ಅಣ್ಣನನ್ನು ಬಿಟ್ಟು ನನ್ನನ್ನೇ ಕೇಳಿದಳಲ್ಲ ಎಂದು ಹೆಮ್ಮೆಪಟ್ಟೆ. ಆ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ. ಮೊದಲು ಸಿಹಿ ಸುದ್ದಿ ಕೇಳು. ಅಂತೂ ಇಂತೂ ನಿನ್ನ ಅಳಿಯನಿಗೆ ಹೆಸರಿಟ್ಟೆವು.

ಹದಿಮೂರನೆಯ ದಿನ ಆಗಬೇಕಾದ ತೊಟ್ಟಿಲ ಶಾಸ್ತ್ರ ಐದು ತಿಂಗಳು ಎಳೆದದ್ದು ನಿಮ್ಮವ್ವನ ಹಟದಿಂದ. ಅವರ ಹಟ ನಿನಗೆ ಹೊಸದೇ? "ಕೂಸಿನ ಕಿವ್ಯಾಗ ಕುರ್ರ್ ಅಂದು ಹೆಸರು ಹೇಳಾಕಿ ಸೋದರತ್ತೆ. ಬೆನ್ನಿಗೆ ಗುದ್ದು ತಿನ್ನಾಕಿನೂ ಆಕಿನೇ. ನನಗಿರಾಕಿ ಒಬ್ಬಾಕಿ ಮಗಳು. ಆಕಿ ಬರೋತನಕ ಕೂಸು ಹಂಗೇ ಇರ್ಲಿ" ಎಂದುಬಿಟ್ಟರು. ನೀನೋ ಆಗಸ್ಟಿಗೆ ರಜೆ ಸಿಗುತ್ತದೆ ಎಂದು ಬರೆದೆ, ಆಮೇಲೆ ಅಕ್ಟೋಬರ್ ಎಂದೆ, ಆಮೇಲೆ ಅದೂ ಇಲ್ಲ ಎಂದೆ. ಅಷ್ಟರಲ್ಲಿ ಹೆಸರಿಲ್ಲದ ಮಗುವಿಗೆ ಊರೆಲ್ಲ ಹೆಸರಿಟ್ಟಿತು. ಮಾವನವರಿಗೆ ಅವನು ಸಾಹೇಬ. ಕಾರ್ಖಾನೆಯ ಸೈರನ್ ಕೂಗಿದಾಗಲೆಲ್ಲ ತಾನೂ ಕೂಗುತ್ತಾನೆಂದು ನಿಮ್ಮಣ್ಣನಿಗೆ ಸೈರನ್. ಹಾಲಿನ ಓಬಕ್ಕ ಮಾತ್ರ, ಲಂಡನ್ ಅತ್ತೆಗೆ ಕಾದಿರುವ ಕೂಸು ಎಂದು ಅವನನ್ನು ಲಂಡನ್ ಎಂದೇ ಕರೆದಳು. ಬೆಳಿಗ್ಗೆ ಬಾಗಿಲಿಗೆ ಬಂದು, "ಅಮ್ಮಾರ, ಲಂಡನ್ ಒದ್ದೆ ಮಾಡ್ಕಂಡೈತೆ ನೋಡ್ರಿ" ಎನ್ನುವಳು. ನೀನಿರುವುದು ಲಂಡನ್ನಿನಲ್ಲಲ್ಲ, ಅಲ್ಲಿಂದ ದೂರ, ದಾವಣಗೆರೆಯ ಹಾಗೆ ಹತ್ತಿಗಿರಣಿಯ ಊರಿನಲ್ಲಿ ಎಂದು ತಿಳಿಸಿ ಹೇಳಿದೆ. "ಗಿರಣಿ ಊರಿಗೆ ಹೋಗಾಕ ಅಷ್ಟು ದೂರ ಯಾಕ ಹೋದ್ರು, ಬಸ್ಸಿಗೆ ಹೋಗ್ಬೋದಿತ್ತಲ್ಲ" ಎಂದಳು.

ಕೊನೆಗೆ ಹಟ ಹಿಡಿದ ಅತ್ತೆಯವರೇ ದಾರಿ ಹುಡುಕಿದರು. ದೀಪಾವಳಿ ಮುಗಿದ ಮಾರನೆಯ ದಿನ ಹೆರಿಗೆ ಮನೆಗೆ ಹೋಗಿ ನಿನ್ನ ಬಿಳಿ ಕೋಟು ಕೆಳಗಿಳಿಸಿದರು. ಮೈಸೂರಿನಿಂದ ನೀನು ಡಾಕ್ಟರಾಗಿ ಬಂದಾಗ ಮಾವನವರು ನಮ್ಮ ಮನೆ ಪಕ್ಕದಲ್ಲೇ ಆ ಹೆರಿಗೆ ಮನೆ ಕಟ್ಟಿಸಿದರಲ್ಲ, ಆಗ ಹೊಲಿಸಿದ ಕೋಟು. ನೀನು ಬಿಟ್ಟುಹೋದ ಗೂಟದಲ್ಲೇ ಅದು ಇತ್ತು. ನರ್ಸ್ ಖೈರುನ್ನೀಸಾ ತಿಂಗಳಿಗೊಮ್ಮೆ ಒಗೆದು, ಇಸ್ತ್ರಿ ಮಾಡಿ, ಮತ್ತೆ ಅಲ್ಲೇ ತೂಗುಹಾಕುತ್ತಾಳೆ. ನಿನ್ನ ಹೆಸರಿನ ಬೋರ್ಡನ್ನೂ ಒರೆಸುತ್ತಾಳೆ. ಅತ್ತೆಯವರು ಅವಳ ಕೈಗೆ ಕೋಟು ಕೊಟ್ಟು, "ಇದನ್ನ ಹಾಕ್ಕಂಡು ಶುಕ್ರವಾರ ನಮ್ಮನೀಗೆ ಬಾ. ನನ್ನ ಮಗಳ ಬದಲಿಗೆ ನೀನೇ ಸೋದರತ್ತೆ" ಎಂದರು. ಖೈರುನ್ನೀಸಾ ಹೌಹಾರಿದಳು. "ನಾನು ಹೆಂಗ್ರಮ್ಮ, ಬ್ಯಾಡ್ರಿ, ನಿಮ್ಮ ಮಂದಿ ಏನಂತಾರ" ಎಂದು ಕೈ ಮುಗಿದಳು. ನಿಮ್ಮವ್ವ ಕೇಳುತ್ತಾರೆಯೇ?

ಅವಳು ಹೆದರಿದ್ದು ಸುಳ್ಳಾಗಲಿಲ್ಲ. ಶುಕ್ರವಾರ ದಾವಣಗೆರೆಯಿಂದ ನಿನ್ನ ದೊಡ್ಡಮ್ಮ ಮರಿ ಸೈನ್ಯದೊಂದಿಗೆ ಬಂದಿಳಿದರು. ಮಂಡಕ್ಕಿ ಮೂಟೆ, ಬೆಣ್ಣೆ, ಕೂಸಿನ ತಲೆಗೆ ಕುಂಚಿಗೆ, ಬೆಳ್ಳಿ ಉಡಿದಾರ ಎಲ್ಲ ಇಳಿಸಿ, ನೀರು ಕುಡಿದು, ಉಸಿರು ಬಂದ ಕೂಡಲೇ ರಾಗ ತೆಗೆದರು. "ಅಲ್ಲವ್ವ, ಸಾಬರ ಹೆಣ್ಮಗಳು ನಮ್ಮ ಕೂಸಿನ ಕಿವ್ಯಾಗ ಹೆಸರು ಹೇಳೋದಾ?"

ಅತ್ತೆಯವರು ಗುಗ್ಗರಿಗೆ ಒಗ್ಗರಣೆ ಹಾಕುತ್ತಿದ್ದರು. ತಿರುಗಿಯೂ ನೋಡಲಿಲ್ಲ. "ಕೂಸು ಭೂಮಿಗೆ ಬಂದಾಗ ಮೊದ್ಲು ಹಿಡಿದ ಕೈ ಅದು. ಕೈ ಹಿಡಿದಾಗ ಇಲ್ಲದ ಮೈಲಿಗೆ ಬಾಯಿಂದ ಬರ್ತೈತೇನು? ಕೂಡ್ರಿ ಅಕ್ಕಾರ, ಗುಗ್ಗರಿ ಉಪ್ಪು ನೋಡ್ರಿ" ಎಂದರು. ದೊಡ್ಡಮ್ಮ ಉಪ್ಪು ನೋಡಿದರು, ಇನ್ನೊಂದು ಹಿಡಿ ಕೈಗೆ ಹಾಕಿಸಿಕೊಂಡರು.

ನೀನು ಅವತ್ತು ಖೈರುನ್ನೀಸಾಳನ್ನು ನೋಡಬೇಕಿತ್ತು. ಹಸಿರು ರೇಷ್ಮೆ ಸೀರೆ, ಅದರ ಮೇಲೆ ನಿನ್ನ ಕೋಟು. ನೀನು ಕಡ್ಡಿ, ಅವಳು ಮೈಕೈ ತುಂಬಿಕೊಂಡವಳು, ಗುಂಡಿ ಹಾಕಲು ಬರಲೇ ಇಲ್ಲ. ನಾವು ಅವಳಿಗೆ ಕುಂಕುಮದ ಬದಲು ಹೂವು ಮುಡಿಸಿ ಉಡಿ ತುಂಬಿದೆವು. ನಿನ್ನ ಅಳಿಯನೋ, ನೀನು ಕಳಿಸಿದ ನೀಲಿ ಉಣ್ಣೆ ಸ್ವೆಟರ್ ತೊಟ್ಟು ಬೆವರು ಸುರಿಸುತ್ತಿದ್ದ. ಹರಿಹರದ ಬಿಸಿಲಿಗೆ ಇಂಗ್ಲೆಂಡಿನ ಉಣ್ಣೆ. ಆದರೂ ಸೋದರತ್ತೆ ಕಳಿಸಿದ್ದು ಮೈಮೇಲೆ ಇರಲೇಬೇಕು ಎಂದು ನಿಮ್ಮವ್ವನ ಆಜ್ಞೆ. ಗಂಡಾದರೆ ನೀಲಿ, ಹೆಣ್ಣಾದರೆ ಗುಲಾಬಿ ಎಂದು ನೀನು ಎರಡೂ ಹೆಣೆದು ಕಳಿಸಿದ್ದೆ. ಗುಲಾಬಿಯದನ್ನು ಯಾರಿಗೆ ಕೊಟ್ಟಿರಿ ಎಂದು ಎರಡು ಕಾಗದದಲ್ಲೂ ಕೇಳಿದ್ದೀಯ. ಹೇಳುತ್ತೇನೆ ಇರು.

ತೊಟ್ಟಿಲ ಕೆಳಗಿಂದ ಮೇಲೆ, ಮೇಲಿಂದ ಕೆಳಗೆ ಮಗುವನ್ನು ದಾಟಿಸಿದ್ದಾಯಿತು. ಖೈರುನ್ನೀಸಾ ಅವನನ್ನು ಎತ್ತಿಕೊಂಡಳು. ಹೆಂಗಸರೆಲ್ಲ ಗುದ್ದಲು ಕೈ ಸಿದ್ಧಮಾಡಿ ಅವಳ ಬೆನ್ನ ಹಿಂದೆ ನಿಂತರು. ಅವಳು ಕಿವಿಯ ಹತ್ತಿರ ಬಾಗಿ ಕುರ್ರ್ ಎಂದಳು. ಆಮೇಲೆ, ಇಷ್ಟು ವರ್ಷ ಹುಟ್ಟಿದ ಮಗುವನ್ನು ಎತ್ತಿ ಹಿಡಿದು ಏನು ಕೂಗಿ ಹೇಳುತ್ತ ಬಂದಿದ್ದಾಳೋ ಅದನ್ನೇ ಗಟ್ಟಿಯಾಗಿ ಹೇಳಿಬಿಟ್ಟಳು. "ಗಂಡು ಮಗು. ಐದೂವರೆ ಪೌಂಡು."

ಮೊದಲು ಉಚ್ಚೆಂಗೆಮ್ಮ ನಗಲು ಶುರುಮಾಡಿದಳು. ನಿನಗೆ ನೆನಪಿರಬೇಕು, ಆವರಗೆರೆಯವಳು, ನೀನು ಹೆರಿಗೆ ಮಾಡಿಸಿದ ಮೊದಲನೆಯವಳು. ಈಗಲೂ ನಿನ್ನ ಹೆಸರು ಹೇಳಿ ಹೊಲದ ಮೊದಲ ಅವರೇಕಾಯಿ ಈ ಮನೆಗೆ ತಂದುಕೊಡುತ್ತಾಳೆ. ಅವಳ ನಗು ಕಟ್ಟೆಯೊಡೆದ ಮೇಲೆ ದೊಡ್ಡಮ್ಮನ ನಗು ತಡೆಯುವವರಾರು? ಸೊಂಟ ಹಿಡಿದುಕೊಂಡು ನಕ್ಕರು. ಹೊರಗೆ ಪಡಸಾಲೆಯಲ್ಲಿದ್ದ ಗಂಡಸರು ಏನಾಯಿತೆಂದು ಇಣುಕಿದರು. ಪಾಪ, ಖೈರುನ್ನೀಸಾ ನಾಚಿ ಕೋಟಿನಲ್ಲಿ ಮುಖ ಮುಚ್ಚಿಕೊಂಡಳು. ನಾನೂ ನಕ್ಕೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅತ್ತೆಯವರು ನನ್ನ ಮುಖ ನೋಡಿ, ತಟ್ಟನೆ ತೊಟ್ಟಿಲ ಕಡೆ ತಿರುಗಿಕೊಂಡರು.

ಎರಡನೆಯ ಸಲ ಸರಿಯಾಗಿ "ಬಕ್ಕೇಶ" ಎಂದಳು. ಬಿತ್ತು ನೋಡು ಗುದ್ದು. ದೊಡ್ಡಮ್ಮ ಒಂದು, ಉಚ್ಚೆಂಗೆಮ್ಮ ಒಂದು, ಓಬಕ್ಕ ಹಾಲಿನ ಚೆಂಬು ಕೆಳಗಿಟ್ಟು ಬಂದು ಒಂದು. ಎಲ್ಲರದ್ದೂ ಮುಗಿದ ಮೇಲೆ ನಿಮ್ಮವ್ವ ತೋಳು ಮೇಲೇರಿಸಿದರು. "ಇದು ನಿನಗಲ್ಲವ್ವ ಖೈರುನ್ನೀಸಾ, ಇಂಗ್ಲೆಂಡಿನಾಗ ಕುಂತಾಳಲ್ಲ, ಆಕೀಗೆ. ನೀನು ತಡ್ಕ" ಎಂದು ಹೇಳಿ ಒಂದು ಗುದ್ದಿದರು. ಕಸ್ತೂರಿ, ಆ ಶುಕ್ರವಾರ ನಿನ್ನ ಬೆನ್ನು ನೋಯಲಿಲ್ಲವೇ? ನೋಯದಿದ್ದರೆ ಅದು ಇಂಗ್ಲೆಂಡಿನ ತಪ್ಪು, ನಿಮ್ಮವ್ವನದಲ್ಲ.

ಊಟವಾದ ಮೇಲೆ ಮಾವನವರು ಎಲ್ಲರ ಎದುರು ನಿನ್ನ ಕಾಗದ ಓದಿದರು. ನಿನ್ನ ವಾರ್ಡಿನಲ್ಲಿ ಲಾಹೋರಿನವರು, ಕೊಲಂಬೊದವರು, ಕಲ್ಕತ್ತಾದವರು ಇದ್ದಾರೆ, ಅಲ್ಲಿನ ಬಿಳಿಯ ಡಾಕ್ಟರುಗಳು ಕೆನಡಾಕ್ಕೂ ಅಮೆರಿಕಕ್ಕೂ ಹೊರಟು ಹೋದದ್ದರಿಂದ ನಿಮ್ಮನ್ನು ಕರೆಸಿಕೊಂಡಿದ್ದಾರೆ ಎಂದು ಬರೆದಿದ್ದೆಯಲ್ಲ, ಅದನ್ನು ಓದುವಾಗ ಅವರ ಎದೆ ಉಬ್ಬಿತ್ತು. "ನನ್ನ ಮಗಳು ಇಲ್ಲದಿದ್ರೆ ಇಂಗ್ಲೆಂಡಿನ ಹೆಂಗಸ್ರಿಗೆ ಹೆರಿಗಿ ಆಗಲ್ಲ" ಎಂದರು. ದೊಡ್ಡಮ್ಮ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು. "ಅವರ ಡಾಕ್ಟ್ರು ಅಮೆರಿಕಕ್ಕ ಹೋದ್ರು, ಅವರ ಜಾಗಕ್ಕ ನಮ್ಮಾಕಿ ಹೋದ್ಲು. ನಮ್ಮಾಕಿ ಜಾಗಕ್ಕ ಯಾರು ಬರ್ತಾರಪ್ಪ?"

"ಚಂದ್ರಲೋಕದವರು" ಎಂದರು ನಿಮ್ಮಣ್ಣ. ಮತ್ತೆ ಎಲ್ಲರೂ ನಕ್ಕರು. ಖೈರುನ್ನೀಸಾ ಮಾತ್ರ ಎದ್ದು, ಕೋಟು ಬಿಚ್ಚಿ, ಮಡಿಸಿ, ಗೂಟಕ್ಕೆ ಹಾಕಿಬರುತ್ತೇನೆಂದು ಹೋದಳು.

ಈಗ ನಿನ್ನ ಪ್ರಶ್ನೆ. ಮಾವನವರು, "ಇರ್ಲಿ, ಅಲ್ಲಿನ ಆ ದೊಡ್ಡ ಡಾಕ್ಟ್ರು ಪರೀಕ್ಷೆ ಪಾಸು ಮಾಡ್ಕಂಡೇ ಬರ್ಲಿ" ಅನ್ನುತ್ತಾರೆ. ನಿಮ್ಮಣ್ಣ, ಅವಳಿಷ್ಟ ಅನ್ನುತ್ತಾರೆ, ಅವರು ಯಾವತ್ತು ಬೇರೆ ಏನು ಹೇಳಿದ್ದಾರೆ? ಹೆರಿಗೆ ಮನೆ ಹೇಗೋ ನಡೆಯುತ್ತಿದೆ. ಸುಲಭದ್ದನ್ನು ಖೈರುನ್ನೀಸಾ ನೋಡುತ್ತಾಳೆ, ಕಷ್ಟದ್ದನ್ನು ದಾವಣಗೆರೆಗೆ ಕಳಿಸುತ್ತಾಳೆ. ಅಲ್ಲಿ ನಿನ್ನನ್ನು ಗೌರವದಿಂದ ಕಾಣುತ್ತಾರೆ, ಕಲಿಯುವುದು ಬೇಕಾದಷ್ಟಿದೆ ಎಂದು ಬರೆಯುತ್ತೀಯ. ನಿನ್ನ ಕಾಗದದಲ್ಲಿ ಖುಷಿ ಕಾಣುತ್ತದೆ, ಅದನ್ನು ನೋಡಿದರೆ ನನಗೂ ಖುಷಿ. ಚೆನ್ನಾಗಿ ಯೋಚನೆ ಮಾಡಿ ನಿನ್ನ ಮನಸ್ಸಿಗೆ ಬಂದಂತೆ ಮಾಡು.

ಫೋಟೊ ಇಟ್ಟಿದ್ದೇನೆ. ಮಧ್ಯದಲ್ಲಿ ಬೆವರುತ್ತಿರುವವನೇ ಬಕ್ಕೇಶ. ಹೊತ್ತು ಹೊತ್ತಿಗೆ ಉಣ್ಣು, ಆ ಚಳಿಯಲ್ಲಿ ಕಿವಿಗೆ ಬಟ್ಟೆ ಕಟ್ಟಿಕೋ. ದೇವರು ನಿನ್ನ ಕೈಗುಣ ಹೀಗೇ ಇಟ್ಟಿರಲಿ, ನಿನ್ನ ಕೈಗೆ ಬಂದ ಪ್ರತಿ ಮಗುವೂ ಅಳುತ್ತಲೇ ಬರಲಿ.

ನಿನ್ನ ಅತ್ತಿಗೆ,
ಮರುಳಸಿದ್ದಮ್ಮ

ತಾಜಾ ಕಲಂ: ಲಕೋಟೆಗೆ ಅಂಟು ಹಚ್ಚುವವಳಿದ್ದೆ, ಮತ್ತೆ ಬಿಚ್ಚಿ ಕೂತಿದ್ದೇನೆ. ಮೇಲೆ ಬರೆದ ಉತ್ತರ ನಿನಗೆ ಸಲ್ಲುವ ಉತ್ತರವಲ್ಲ. ನೀನು ನನ್ನನ್ನು ನಂಬಿ ಕೇಳಿದ್ದೀಯ.

ಗುಲಾಬಿ ಸ್ವೆಟರನ್ನು ಯಾರಿಗೂ ಕೊಡಲಿಲ್ಲ ಕಸ್ತೂರಿ. ಅದು ತೊಟ್ಟುಕೊಳ್ಳಬೇಕಾದವಳಿಗೇ ಸೇರಿತು. ಜೂನಿನಲ್ಲಿ ನನಗೆ ಹುಟ್ಟಿದ್ದು ಇಬ್ಬರು. ಎರಡಿವೆ ಎಂದು ಹೊಟ್ಟೆ ಮುಟ್ಟಿ ಹೇಳುವವರು ಇಲ್ಲಿ ಇರಲಿಲ್ಲ. ಬಕ್ಕೇಶ ಸುಲಭವಾಗಿ ಬಂದ. ಅವನ ಹಿಂದೆ ಇದ್ದವಳು ಅಡ್ಡ ತಿರುಗಿದ್ದಳು. ಖೈರುನ್ನೀಸಾ ತನಗೆ ಗೊತ್ತಿದ್ದನ್ನೆಲ್ಲ ಮಾಡಿದಳು. ನಿಮ್ಮಣ್ಣ ಕಾರು ತೆಗೆದುಕೊಂಡು ದಾವಣಗೆರೆಗೆ ಓಡಿದರು. ಡಾಕ್ಟರನ್ನು ಕರೆತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಿನ್ನ ಹೆರಿಗೆ ಮನೆಯಲ್ಲೇ, ನಿನ್ನ ಕೋಟು ತೂಗುವ ಆ ಗೂಟದ ಎದುರಿನ ಮಂಚದಲ್ಲೇ. ನೀನಿದ್ದಿದ್ದರೆ ಉಳಿಯುತ್ತಿದ್ದಳೇ ಎಂದು ಖೈರುನ್ನೀಸಾಳನ್ನು ಕೇಳಿದೆ. ಅವಳು ಸುಳ್ಳು ಹೇಳಲಿಲ್ಲ.

ನಿನಗೆ ತಿಳಿಸಬಾರದು, ದೂರದಲ್ಲಿ ಒಬ್ಬಳೇ ಇದ್ದಾಳೆ, ಕೊರಗುತ್ತಾಳೆ ಎಂದು ಅತ್ತೆಯವರು ಎಲ್ಲರಿಂದ ಮಾತು ತೆಗೆದುಕೊಂಡರು. ಅದಕ್ಕೇ "ಗಂಡು ಮಗು, ತಾಯಿ ಮಗು ಕ್ಷೇಮ" ಎಂದಷ್ಟೇ ನಿನಗೆ ಬಂದದ್ದು. ನೀನು ನಿನ್ನನ್ನು ಬೈದುಕೊಳ್ಳುವುದು ಬೇಡ. ನಿನ್ನ ಪಾಲಿನದನ್ನು ನಾನು ಮಂಚದ ಮೇಲೆ ಮಲಗಿ ಬೈದು ಮುಗಿಸಿದ್ದೇನೆ. ಈಗ ನಿನ್ನ ಮೇಲೆ ಸಿಟ್ಟಿಲ್ಲ, ನೀನು ಬೇಕು ಅನ್ನಿಸುತ್ತದೆ ಅಷ್ಟೇ.

ಅವಳನ್ನು ಒಯ್ಯುವ ಮೊದಲು ಸ್ವೆಟರ್ ತೊಡಿಸಿ ನನ್ನ ಮಡಿಲಿಗೆ ಕೊಟ್ಟರು. ಹೆಸರಿಲ್ಲದೆ ಹೋಗುವುದು ಬೇಡ ಎನ್ನಿಸಿತು. ನಾನೇ ಕಿವಿಯಲ್ಲಿ ಕುರ್ರ್ ಎಂದು ನಿನ್ನ ಹೆಸರು ಹೇಳಿದೆ. ಸುತ್ತ ಹೆಂಗಸರಿದ್ದರು, ಯಾರೂ ನನ್ನ ಬೆನ್ನಿಗೆ ಗುದ್ದಲಿಲ್ಲ. ಆ ಗುದ್ದು ಇನ್ನೂ ಬಾಕಿ ಇದೆ ಕಸ್ತೂರಿ, ಅದನ್ನು ನೀನೇ ಬಂದು ಕೊಡಬೇಕು.