ಕಟಕೋಳದ ತೊಳದ ಬಾಟ್ಲಿಗಳು

೩ ಫೆಬ್ರುವರಿ ೨೦೨೪, ಯರಗಟ್ಟಿ

ಚಹಾದಾಗ ಮತ್ತ ಸಕ್ರಿ ಹೆಚ್ಚು. ಇರ್ಲಿ. ಪಿ.ಎಚ್. ಮೀಟರ್ ಎರಡ್ ಸಲ ಸೆಟ್ ಮಾಡ್ದೆ. ಕಟಕೋಳದ ನಲವತ್ತೆರಡು ಬಾಟ್ಲಿ ಉಚ್ಚಿ ಅಳದು ಮುಗೀತು. ಎಲ್ಲಾದ್ರಾಗೂ ಪಿ.ಎಚ್. ಎಂಟರ ಮ್ಯಾಲೆ!

ಇಪ್ಪತ್ತೆಂಟು ವರ್ಷದಿಂದ ಈ ಕಿಡ್ನಿ ಜಡ್ಡನ್ನ ಹುಡುಕಾಕ ಹತ್ತೇನಿ. ರಕ್ತದಾಗಿನ ಆಮ್ಲ ಕಿಡ್ನಿ ಹೊರಗ ಹಾಕಬೇಕು. ಹಾಕಿದ್ರ ಉಚ್ಚಿ ಪಿ.ಎಚ್. ಐದಕ್ಕ, ಆರಕ್ಕ ಇಳೀತೈತಿ. ಹಾಕದಿದ್ರ ಆಮ್ಲ ಒಳಗ ಉಳದು ಎಲುಬು ತಿಂತೈತಿ. ಒಂದಿಡೀ ಊರಿಗೆ ಈ ಜಡ್ಡಂದ್ರ... ರಿಟೈರ್ ಆಗಾಕ ನಾಕ ತಿಂಗಳು. ದೇವ್ರು ಕಡೀಗೂ ಕಣ್ಣ ತೆರದ.

ಅರ್ಜುನಗ ಫೋನ್ ಮಾಡಿ ಹೇಳೇಬಿಟ್ಟೆ. ನನ್ನ ಕೈಯಾಗ ಕಲತಾವ, ಈಗ ನಮ್ಮ ವಿಭಾಗಕ್ಕ ಮುಖ್ಯಸ್ಥ. ಟೆಕ್ನಿಷಿಯನ್ ಖಾಸಿಮಸಾಬ ಮಾತ್ರ ತಲಿ ಕೆರಕೊಂಡ್ರು. "ಊರಿಗೂರೇ ಹೆಂಗ್ರಿ ಮೇಡಂ?" ಸುಮ್ನಿರ್ರಿ ಅಂದೆ.

೯ ಫೆಬ್ರುವರಿ

ಮಣ್ಣಾತು. ಎಲ್ಲಾ ಮಣ್ಣಾತು.

ಎಲ್ಲಾರ ರಕ್ತ ತಗೊಳ್ಳಾಕ, ಮತ್ತೊಮ್ಮೆ ಉಚ್ಚಿ ಅಳ್ಯಾಕ ಕಟಕೋಳಕ್ಕ ಹೋದ್ವಿ. ಆಶಾ ಕಾರ್ಯಕರ್ತೆ ಶೆಟ್ಟೆವ್ವ ನಳದ ಮುಂದ ಕುಂತು ನನ್ನ ಹೊಸಾ ಬಾಟ್ಲಿ ತೊಳ್ಯಾಕ ಹತ್ತಿದ್ಲು. ಬಟ್ಟಿ ಸೋಡಾ ಹಾಕಿ!

"ಏನ್ ಮಾಡಾಕ ಹತ್ತೀಯವಾ?"

"ಡಾಕ್ಟರ ಕೈಯಾಗ ಕೊಡೂ ಸಾಮಾನ್ರಿ ಬಾಯಾರ. ಹೊಲಸ ಕೊಟ್ರ ಊರ ಮಾನ ಉಳೀತೈತೇನ್ರಿ? ಹ್ವಾದ ಸಲಾನೂ ಎಲ್ಲಾ ನಾನ ತೊಳದ ಕೊಟ್ಟೇನ್ರಿ."

ಸೋಡಾ ಪಿ.ಎಚ್. ಏರಿಸ್ತೈತಿ; ಆ ಸೋಡಾ ನೀರು ಅಳದು ಊರಿಗೆ ಜಡ್ಡು ಅಂದೆ. ಸಿಟ್ಟು ಬಂತು. ಅಕಿ ಮ್ಯಾಲಲ್ಲ, ನನ್ನ ಮ್ಯಾಲೆ. ತೊಳೀಬ್ಯಾಡ್ರಿ ಅಂತ ನಾ ಹೇಳಿದ್ನೇನು? ಇಲ್ಲ.

ಅರ್ಜುನ ಫೋನಿನಾಗ — "ಫೈಲ್ ಮುಚ್ಚಿಬಿಡ್ರಿ ವಿಜಯಾ ಮೇಡಂ. ಹೋಗೂ ಹೊತ್ತಿನಾಗ ಹೆಸರ ಯಾಕ ಕೆಡಿಸ್ಕೋತೀರಿ?"

ಗಾಡಿ ಹತ್ತೂವಾಗ ಕೃಷ್ಣವ್ವ ಅನ್ನೂ ಮುದುಕಿ ಅಡ್ಡ ನಿಂತ್ಲು. ಬಗಲಾಗ ಮೊಮ್ಮಗಳು ಪ್ರಣಿತಾ. ಎಂಟು ವರ್ಷಂತ! ಐದರ ಹುಡುಗಿ ಕಂಡಂಗ ಕಾಣ್ತಾಳ. ಮೊಣಕಾಲು ಸೊಟ್ಟ. "ಎಲ್ಲಾ ದವಾಖಾನಿ ಆದ್ವ್ರಿ. ಟಾನಿಕ್ ಕೊಡ್ತಾರ. ಸಾಲಿ ಮೆಟ್ಲ ಏರಾಕ ಆಗೂದಿಲ್ರಿ ಇಕೀಗೆ. ನಾನ ಹೊತ್ತು ತಿರಗತೇನಿ."

ಹುಡುಗಿ ಬಾಟ್ಲಿ ನೋಡಿದ್ಲು. "ನಂದೂ ಬ್ಯಾಡೇನ್ರಿ?"

ಬೇಕವಾ, ಅಂದೆ. ಕೆಳಗಿಳದೆ. ಎಲ್ಲಾರ ರಕ್ತಾನೂ ಉಚ್ಚೀನೂ ತಗೊಂಡೆ. ತೊಳೀಲಾರದ ಬಾಟ್ಲ್ಯಾಗ, ನನ್ನ ಕಣ್ಣಮುಂದ.

೧೨ ಫೆಬ್ರುವರಿ

ನಲವತ್ತೊಂದು ಮಂದಿ ಗುಂಡಕಲ್ಲಿನಂಗ ಅದಾರ. ಪ್ರಣಿತಾಂದು ಮಾತ್ರ ಉಚ್ಚಿ ಪಿ.ಎಚ್. ಏಳು! ರಕ್ತದಾಗ ಬೈಕಾರ್ಬೊನೇಟ್ ಹನ್ನೆರಡು — ಇಪ್ಪತ್ನಾಕರ ಸುತ್ತ ಇರಬೇಕು. ಪೊಟ್ಯಾಸಿಯಂನೂ ತಳಾ ಕಂಡೈತಿ. ಆಮ್ಲ ಹೊರಗ ಹೋಗವಲ್ದು. ಕೂಸಿನ ಎಲುಬು ತಿನ್ನಾಕ ಹತ್ತೈತಿ.

"ಒಂದು ಕೇಸಿಗೆ ದೊಡ್ಡ ಪೇಪರ್ ಆಗೂದಿಲ್ರಿ ಮೇಡಂ" ಅಂದ ಅರ್ಜುನ. ಪೇಪರ್ ಯಾರಿಗೆ ಬೇಕೋ ತಮ್ಮಾ, ಅಂದೆ. ಸುಳ್ಳು. ನನಗ ಬೇಕಾಗಿತ್ತು. ಭಾಳ ಬೇಕಾಗಿತ್ತು. ಆದ್ರ ಆ ಹುಡುಗಿ ಕಾಲ ಮ್ಯಾಲೆ ನಿಂತ್ರ, ಅದಕ್ಕಿಂತ ಹೆಚ್ಚಿನ್ದು ಏನೈತಿ?

ಮದ್ದು ಏನಂದ್ರ — ಸೋಡಾ ಗುಳಿಗಿ, ಅಂದ್ರ ಬೈಕಾರ್ಬೊನೇಟ್, ಜೋಡಿ ಪೊಟ್ಯಾಸಿಯಂ ಔಷಧ. ಖಾಸಿಮಸಾಬ ಬಿದ್ದು ಬಿದ್ದು ನಕ್ರು. "ಕೆಡಿಸಿದ್ದೂ ಸೋಡಾ, ನೆಟ್ಟಗ ಮಾಡೂದೂ ಸೋಡಾ!" ಕೃಷ್ಣವ್ವಗ ಮೂರು ಸಲ ಹೇಳೇನಿ: ಈ ಗುಳಿಗೀನ ಕೊಡು, ಬಟ್ಟಿ ಸೋಡಾ ಮುಟ್ಟಬ್ಯಾಡ. ಈ ಸಲ ಹೇಳೂದು ಬಿಟ್ಟಿಲ್ಲ.

೨ ಮಾರ್ಚ್

ಪ್ರಣಿತಾನ ಬೈಕಾರ್ಬೊನೇಟ್ ಹದಿನೆಂಟು! ಗ್ವಾಡಿ ಹಿಡದು ನಿಂತ್ಲು. ಖಾಸಿಮಸಾಬ ಕಣ್ಣ ಒರಸ್ಕೊಂಡು ಧೂಳಂದ್ರು.

೩೧ ಮೇ, ಬೆಳಗಾವಿ

ರಿಟೈರ್ ಆದೆ. ಶಾಲು, ಹಾರ, ಗಣಪತಿ ಮೂರ್ತಿ. ಭಾಷಣದಾಗ ಅರ್ಜುನ "ನಮ್ಮ ಸೋಡಾ ಮೇಡಂ" ಅಂದ. ಎಲ್ಲಾರೂ ನಕ್ರು, ನಾನೂ. ಆಮ್ಯಾಲೆ ವಿಭಾಗದ ಹೊಸಾ ನಿಯಮದ ಹಾಳಿ ತೋರಿಸಿದ. ಮೊದಲನೇ ಸಾಲು — ಬಾಟ್ಲಿ ತೊಳೀಬಾರ್ದಂತ ಮನಿಮನಿಗೆ ಹೇಳಬೇಕು. ಶಾಲಿಗಿಂತ ಅದು ಹಿಡಿಸ್ತು.

ಪ್ರಣಿತಾಂದು ಇಪ್ಪತ್ಮೂರು.

೧೪ ಜೂನ್ ೨೦೨೫, ಕಟಕೋಳ, ಮುಂಜಾನೆ ೧೦

ಸಾಲಿ ಮುಂದ, ಖಾಸಿಮಸಾಬರ ಗಾಡ್ಯಾಗ ಕುಂತು ಬರ್ಯಾಕ ಹತ್ತೇನಿ. ವರ್ಷದಾಗ ಒಂಬತ್ತು ಸೆಂಟಿಮೀಟರ್ ಬೆಳದಾಳಂತ ಶೆಟ್ಟೆವ್ವ ಫೋನಿನಾಗ ಒದರಿದ್ಲು. ನಂಬಲಿಲ್ಲ. ಅಳ್ಯಾಕ ಟೇಪ್ ತಂದೇನಿ. ಕೃಷ್ಣವ್ವ ಕಟ್ಟಿ ಮ್ಯಾಲೆ ಒಬ್ಬಾಕೀನ ಕುಂತಾಳ. ಬಗಲು ಖಾಲಿ.

"ಎಲ್ಲೆವ್ವಾ ಮೊಮ್ಮಗಳು?"

ನಕ್ಕು, ಸಾಲಿ ಕಡೆ ಕೈ ಮಾಡಿದ್ಲು. ಆರು ಮೆಟ್ಲ. ಮ್ಯಾಲಿನ ಮೆಟ್ಲಮ್ಯಾಲೆ ಕೆಂಪು ರಿಬ್ಬನ್. ಕೈಯಾಗ ಬಾಟ್ಲಿ. "ಬಾಯಾರ, ತೊಳದಿಲ್ರೀ!" ಅಂತ ಒದರಾಕ ಹತ್ಯಾಳ. ಇಳದ್ಲು... ಒಂದು... ಎರಡು... ಗ್ವಾಡಿ ಹಿಡದಿಲ್ಲ — ಯಾರೂ ಹಿಡದಿಲ್ಲ — ಅಯ್ಯ ನಮ್ಮವ್ವಾ, ಓಡಿ ಬರಾಕ ಹತ್ಯಾಳ —